ಪಂಚವಟಿಯ ಓಣಿಯಲ್ಲಿ ಖಂಡಪ್ಪನ ಬಾಡಿಗೆ ಮನೆ

ನಾಸಿಕದ ಪಂಚವಟಿಯಲ್ಲಿ ಬೆಳಕು ಹರಿಯುವ ಹೊತ್ತು. ಬಾಡಿಗೆದಾರರು ಬಿಟ್ಟುಹೋದ ಖೋಲಿಯೊಂದರಲ್ಲಿ ಹೊಸ ಬಣ್ಣ ಹಚ್ಚಲು ಖಂಡಪ್ಪ ಗೋಡೆ ಕೆರೆಯುತ್ತಿದ್ದಾರೆ. ಮೊಳೆಯ ತೂತು ಮುಚ್ಚುವ ಮುನ್ನ ಅದರ ಮೇಲೊಮ್ಮೆ ಬೆರಳಾಡಿಸುತ್ತಾರೆ. ‘ಇಲ್ಲಿ ದೇವರ ಫೋಟೊ ಇತ್ತು ನೋಡ್ರಿ, ಕುಂಕುಮ ಹತ್ತ್ಯಾದ.’

ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಖಂಡಪ್ಪ ಮದುವೆಯಾದ ಹೊಸದರಲ್ಲಿ ಹೆಂಡತಿ ಕಮಲಾಬಾಯಿಯೊಡನೆ ಸಂಭಾಜಿನಗರಕ್ಕೆ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದವರು. ಅಲ್ಲಿನ ಪದಂಪುರಾದಲ್ಲಿ ಬಾಡಿಗೆಗೆ ಹಿಡಿದ ಒಂದೇ ಖೋಲಿಯ ಮನೆಯ ಮಾತು ಬಂದರೆ ಈಗಲೂ ದನಿ ಮೆತ್ತಗಾಗುತ್ತದೆ. ಸಂಜೆಯಾದರೆ ಅಂಗಳದ ತುಂಬ ಮಂಚಗಳು, ಕಮಲಾಬಾಯಿ ರೊಟ್ಟಿ ಬಡಿಯುವ ಸಪ್ಪಳ, ಮಗಳು ಶಿವಗಂಗಾ ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಮಾಲೀಕರ ಮನೆಯಿಂದ ಬಂದ ಶಿರಾ. ‘ಆವಾಗ ಕಾಗದ ಯಾರ ಕೇಳ್ತಿದ್ರು? ಯಾವ ಊರಪ್ಪಾ ಅಂದ್ರು, ಕೀಲಿ ಕೊಟ್ರು.’

ಆ ಮನೆ ಕಳೆದದ್ದು ತಮ್ಮ ಸಿಟ್ಟಿನಿಂದಲೇ ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಕಟ್ಟಡದ ಜಾಗದಲ್ಲಿ ನೀರಿನ ಸರದಿಗೆ ಜಗಳವಾಯಿತು. ಕೈಯಲ್ಲಿದ್ದ ಸಲಿಕೆ ಬೀಸಿದರು. ಎದುರಿನವನ ಬಲಗೈ ಮತ್ತೆ ಏಳಲಿಲ್ಲ. ಖಂಡಪ್ಪನಿಗೆ ಜೈಲಾಯಿತು. ಬಣ್ಣ ಹಚ್ಚುವುದನ್ನು ಕಲಿತದ್ದು ಅಲ್ಲೇ. ಬಿಡುಗಡೆಯಾದಾಗ ಹೆಂಡತಿ, ಮಗಳು ನಾಸಿಕದಲ್ಲಿ ಕಮಲಾಬಾಯಿಯ ತಮ್ಮನ ಆಸರೆಯಲ್ಲಿದ್ದರು.

ಅಲ್ಲಿ ಕೂಲಿ ಸಿಕ್ಕಿತು, ಮನೆ ಸಿಗಲಿಲ್ಲ. ಮಾಲೀಕರು ಬಾಡಿಗೆದಾರರ ಮಾಹಿತಿ ಪೊಲೀಸ್ ಠಾಣೆಗೆ ಕೊಡಬೇಕು ಎಂಬಲ್ಲಿಗೆ ಮಾತು ಮುರಿಯುತ್ತಿತ್ತು. ಒಮ್ಮೆ ಕೀಲಿಯೂ ಕೈಗೆ ಬಂದಿತ್ತು. ಕಮಲಾಬಾಯಿ ಹಾಲು ಉಕ್ಕಿಸಲು ಒಲೆಯ ಮೇಲೆ ಇಟ್ಟಿದ್ದರು. ಅಷ್ಟರಲ್ಲಿ ಯಾರಿಂದಲೋ ಜೈಲಿನ ಸುದ್ದಿ ತಿಳಿದ ಮಾಲೀಕ ಬಾಗಿಲಲ್ಲಿ ಬಂದು ನಿಂತ. ಆಕೆ ಒಲೆ ಆರಿಸಿ, ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಹೊರಬಂದರು. ಅಂದಿನಿಂದ ಖಂಡಪ್ಪ ಮೊದಲ ಮಾತಿಗೇ ಜೈಲಿನ ವಿಷಯ ಹೇಳತೊಡಗಿದರು.

ಹಾಗೆ ಅವರ ಬಾಯಿಂದಲೇ ಕೇಳಿ ತಿಳಿದವರಲ್ಲಿ ನಿವೃತ್ತ ನರ್ಸ್ ಅಶ್ವಿನಿತಾಯಿ ಒಬ್ಬರು. ಹಿತ್ತಲ ಖೋಲಿಗಳಿಗೆ ಬಣ್ಣ ಹಚ್ಚಿಸಲು ಕರೆಸಿದ್ದರು. ಎಲ್ಲ ಕೇಳಿ, ಕೈ ಕಳೆದುಕೊಂಡವನು ಈಗ ಹೇಗಿದ್ದಾನೆ ಎಂದರು. ಊರಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ, ಹೋಗಿ ಕಾಲು ಮುಟ್ಟಿ ಬಂದೆ, ಆತ ಮುಖ ತಿರುಗಿಸಿಕೊಂಡ ಎಂದರು ಖಂಡಪ್ಪ. ಅವರಿಗೆ ಖೋಲಿ ಕೊಡುವುದು ಬೇಡವೆಂದು ಪುಣೆಯಲ್ಲಿರುವ ತಮ್ಮ ಮಗ ವಿಶಾಲ ಫೋನಿನಲ್ಲಿ ಹೇಳಿದರೂ ಮರುದಿನ ಅಶ್ವಿನಿತಾಯಿ ಬಾಡಿಗೆದಾರರ ಮಾಹಿತಿ ಕೊಡಲು ತಾವೇ ಠಾಣೆಗೆ ನಡೆದರು. ಬಣ್ಣ ಆರುವ ಮೊದಲೇ ಖಂಡಪ್ಪನ ಸಂಸಾರ ಆ ಹಿತ್ತಲಿಗೆ ಬಂದಿಳಿಯಿತು.

ಈಗ ಜೈಲಿನಿಂದ ಬಂದು ಮನೆ ಸಿಗದವರು ಖಂಡಪ್ಪನನ್ನು ಹುಡುಕಿ ಬರುತ್ತಾರೆ. ಎಲ್ಲಿ ಖೋಲಿ ಖಾಲಿಯಾಯಿತೆಂದು ಬಣ್ಣದವರಿಗೆ ಬೇಗ ತಿಳಿಯುತ್ತದೆ. ಕೆಲಸ ಮುಗಿಸಿ ಜೊತೆಗೆ ಹೋಗುತ್ತಾರೆ, ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ಹೆಚ್ಚಿನ ಬಾಗಿಲು ಮುಚ್ಚಿಕೊಳ್ಳುತ್ತವೆ. ತೆರೆದವನ್ನು ಎಣಿಸಲು ಕೈಬೆರಳು ಸಾಕು. ಹಾಗೆ ಮನೆ ಸಿಕ್ಕವರಲ್ಲೊಬ್ಬ ಹೇಳದೆ ಕೇಳದೆ ಓಡಿಹೋದಾಗ ಮಾಲೀಕರಿಂದ ಬೈಸಿಕೊಂಡದ್ದೂ ಇವರೇ, ಆ ಖೋಲಿಗೆ ಪುಕ್ಕಟೆ ಬಣ್ಣ ಹಚ್ಚಿಕೊಟ್ಟದ್ದೂ ಇವರೇ.

ಮೊನ್ನೆ ಶಿವಗಂಗಾಳ ಕಾಲೇಜು ಗೆಳತಿ ವೈಷ್ಣವಿ ಮೊದಲ ಸಲ ಮನೆಗೆ ಬಂದಳು. ಓಣಿಯ ತುದಿಯಲ್ಲಿ ಶಿವಗಂಗಾಳ ಮನೆ ಎಲ್ಲೆಂದು ವಿಚಾರಿಸಿದ್ದಕ್ಕೆ ಜನ ಬಾಗಿಲ ತನಕ ತಂದು ಬಿಟ್ಟರಂತೆ. ಅದನ್ನು ಹೇಳುವಾಗ ಖಂಡಪ್ಪನ ಕೈಯ ಬ್ರಷ್ ತುಸು ನಿಲ್ಲುತ್ತದೆ.

‘ಬಾಡಗಿ ಮನೀನ ಅದ, ಖರೇ. ಆದ್ರ ಓಣ್ಯಾಗ ಅದಕ್ಕ ಖಂಡಪ್ಪನ ಮನಿ ಅಂತಾರ್ರಿ.’