ಪಾಟಿಯ ಹಿಂಬದಿ

ಅವರ ಬಲಗೈ ಹೆಬ್ಬೆರಳು ಸದಾ ಬೆಳ್ಳಗಿರುತ್ತಿತ್ತು. ಮೇಜಿನ ಮೇಲೆ ಎರಡು ಕಂಪ್ಯೂಟರ್ ಇದ್ದರೂ ನಮ್ಮ ಸಾಹೇಬರು ಯೋಚನೆ ಮಾಡುತ್ತಿದ್ದುದು ಮರದ ಚೌಕಟ್ಟಿನ ಪಾಟಿಯ ಮೇಲೆ, ಬಳಪ ಹಿಡಿದು. ಅಳಿಸುತ್ತಿದ್ದುದು ಆ ಹೆಬ್ಬೆರಳಿನಿಂದ.

ಆಗಿನ್ನೂ ರಾಜ್ಯ ಇಬ್ಭಾಗವಾಗಿರಲಿಲ್ಲ. ಬೇಗಂಪೇಟೆಯ ಆ ಕಚೇರಿಯಲ್ಲಿ ಎಲ್ಲರದೂ ತೆಲುಗು. ನಾವಿಬ್ಬರೇ ಇದ್ದಾಗ ಅವರ ರಾಯಚೂರು ಕಡೆಯ ಕನ್ನಡ. ದೂರದ ವಿದ್ಯುತ್ ಸ್ಟೇಷನ್ನುಗಳಲ್ಲಿ ಕೂರಿಸಿದ ಮಾಪಕಗಳು ಅಲ್ಲಿನ ಪವರ್ ಹೇಗೆ ಏರಿಳಿಯುತ್ತಿದೆಯೆಂದು ಕ್ಷಣಕ್ಷಣವೂ ನಮಗೆ ಕಳಿಸುತ್ತಿದ್ದವು. ಅವನ್ನು ನೋಡಿ ಇಡೀ ಜಾಲದ ಒಂದು ಚಿಕ್ಕ ಮಾದರಿ ಕಟ್ಟುವುದು ನಮ್ಮ ಕೆಲಸ. ಒಟ್ಟಿಗೆ ತೂಗಾಡುವ ಜನರೇಟರ್ ಯಂತ್ರಗಳನ್ನೆಲ್ಲ ಒಂದೇ ಎಂದು ಎಣಿಸುವುದು, ಒಂದೇ ಕೂಗಿಗೆ ಹಗ್ಗ ಜಗ್ಗುವವರನ್ನು ಒಬ್ಬನೆಂದುಕೊಂಡ ಹಾಗೆ. ನೂರಾರು ಯಂತ್ರಗಳು ಕೊನೆಗೆ ಪಾಟಿಯ ಮೇಲೆ, ಗುಂಪಿಗೊಂದರಂತೆ, ಐದು ಸೊನ್ನೆಗಳಾಗಬೇಕು. "ಪಾಟೀ ಮ್ಯಾಲೆ ಹಿಡಸಲಿಲ್ಲಂದ್ರ ನಮಗಿನ್ನೂ ತಿಳದಿಲ್ಲಂತ ಅರ್ಥ," ಎನ್ನುತ್ತಿದ್ದರು.

ಅವರದೊಂದು ಕಟ್ಟಳೆ ಇತ್ತು. ಮಾದರಿಯಿಂದ ಏನನ್ನು ಕೈಬಿಟ್ಟೆವೋ ಅದನ್ನು ಪಾಟಿಯ ಹಿಂಬದಿಗೆ ಬರೆಯಬೇಕು. ಪ್ರತಿ ಶನಿವಾರ ಪಾಟಿ ತಿರುಗಿಸಿ ಅದನ್ನು ಗಟ್ಟಿಯಾಗಿ ಓದಬೇಕು. ಓದುವವಳು ನಾನು. ಎಂಜಿನಿಯರಾದ ಮೇಲೂ ಮಗ್ಗಿ ಒಪ್ಪಿಸುವುದು ತಪ್ಪಲಿಲ್ಲವಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಅವರ ನಿವೃತ್ತಿಗೆ ಎರಡು ವಾರವಿತ್ತು. ಆರು ವರ್ಷ ಕೂತು ಕಟ್ಟಿದ ಮಾದರಿ ಸಮಿತಿಯ ಮುಂದಿತ್ತು. ಒಪ್ಪಿಗೆಯಾದರೆ, ಯಾವ ಲೈನಿನಲ್ಲಿ ಎಷ್ಟು ಪವರ್ ಹರಿಸಬಹುದೆಂದು ಅದನ್ನು ನೋಡಿಯೇ ತೀರ್ಮಾನಿಸುವವರಿದ್ದರು. ಆ ಶನಿವಾರ ಹಿಂಬದಿಯಲ್ಲಿ ಒಂದೇ ಸ್ಟೇಷನ್ನಿನ ಹೆಸರಿತ್ತು. ಅಲ್ಲಿನ ಅಳತೆ ಮಾತ್ರ ಮಧ್ಯಾಹ್ನದ ಹೊತ್ತು ಮೆಲ್ಲಗೆ ತೂಗಾಡುತ್ತಿತ್ತು, ಮಾದರಿಗೆ ಹೊಂದುತ್ತಿರಲಿಲ್ಲ. "ಆ ಮಾಪಕ ಕೆಟ್ಟೈತಿ, ಬಿಡವಾ," ಎಂದು ಸಾಹೇಬರೇ ಅದನ್ನು ಬಿಡಿಸಿದ್ದರು.

ಓದಿದ ಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ಆ ಸ್ಟೇಷನ್ನಿಗೆ ಫೋನು ಮಾಡಿದೆ. "ಮೀಟರ್ ಬಾಗುಂದಮ್ಮಾ, ಪವರೇ ಊಗುತೋಂದಿ," ಎಂದ ಅಲ್ಲಿನ ಆಪರೇಟರ್. ಮಾಪಕ ಸರಿಯಾಗಿಯೇ ಇತ್ತು, ತೂಗಾಡುತ್ತಿದ್ದುದು ಪವರೇ. ಅಂದರೆ ತಪ್ಪಿದ್ದುದು ನಮ್ಮ ಮಾದರಿ.

ಸಾಹೇಬರು ಫೋನು ಇಸಿದುಕೊಂಡು ತಾವೇ ಬಹಳ ಹೊತ್ತು ವಿಚಾರಿಸಿದರು. ಇಟ್ಟವರು ಹೆಬ್ಬೆರಳು ನೋಡಿಕೊಂಡು ಕೂತರು.

"ಸೋಮವಾರ ವರದಿ ವಾಪಸ್ ತಗೋತೀನಿ."

"ನೀವು ರಿಟೈರ್ ಆದಮ್ಯಾಲೆ ನಾನೇ ಹೇಳಿದ್ರ ಆಗೂದಿಲ್ಲೇನ್ರಿ ಸರ?"

"ನಿನ್ನ ತಲೀಮ್ಯಾಲೆ ಹಾಕಿ ಹೋಗ್ಲೇನು? ಕೆಟ್ಟೈತಿ ಅಂದಾಂವ ನಾನು."

ಸೋಮವಾರ ಸಮಿತಿಯ ಮುಂದೆ ನಿಂತು, ತಪ್ಪು ತಮ್ಮದೆಂದು ಎರಡೇ ಮಾತಿನಲ್ಲಿ ಹೇಳಿ ವರದಿಯನ್ನು ಬಗಲಿಗೆ ಇಟ್ಟುಕೊಂಡು ಬಂದರು. ಒಬ್ಬರು ನಕ್ಕರು. ಆ ನಗೆ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ ಅವರ ಸಮಯಪಾಲನೆಯನ್ನು ಹೊಗಳಿದರು, ಮಾದರಿಯ ಮಾತನ್ನು ಯಾರೂ ಎತ್ತಲಿಲ್ಲ. ಮನೆಗೆ ಹೋಗುವ ರೈಲಿನಲ್ಲಿ ನಾನು ಅತ್ತೆ.

ಮಾದರಿಯನ್ನು ಮತ್ತೆ ಕಟ್ಟಲು ನನಗೆ ಎರಡು ವರ್ಷ ಹಿಡಿಯಿತು. ಒಪ್ಪಿಗೆಯಾದ ದಿನ ಮಲ್ಕಾಜ್‌ಗಿರಿಯ ಅವರ ಮನೆಗೆ ಪೇಡೆ ಒಯ್ದೆ. ಹಾಸಿಗೆ ಹಿಡಿದಿದ್ದರು. ಬೆರಳು ಬೆಳ್ಳಗಿರಲಿಲ್ಲ, ಅದನ್ನು ನೋಡಿ ನನಗೆ ಸಂಕಟವಾಯಿತು.

"ಎಷ್ಟು ಸೊನ್ನಿ?"

"ಆರು ರಿ ಸರ."

"ಹಿಂದ ಏನ್ ಬರದೀ?"

ಒಂದೊಂದಾಗಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. "ಶನಿವಾರ ಓದೂದು ಬಿಡಬ್ಯಾಡ," ಎಂದರು.

ತಿಂಗಳೊಳಗೆ ಹೋಗಿಬಿಟ್ಟರು. ಹದಿಮೂರು ದಿನ ಕಳೆದ ಮೇಲೆ ಅವರ ಮನೆಯವರು ನನ್ನನ್ನು ಕರೆಸಿ, ಹಳೇ ಪಂಚೆಯಲ್ಲಿ ಸುತ್ತಿದ ಪಾಟಿಯನ್ನು ಕೈಗಿತ್ತರು. "ನಿನಗಽ ಕೊಡು ಅಂದಿದ್ರವಾ. ಹಿಂದಿಂದು ಅಳಸಬ್ಯಾಡ ಅಂದಾರ."

ಮುಂಬದಿ ಖಾಲಿಯಿತ್ತು. ತಿರುಗಿಸಿದೆ. ಆ ಸ್ಟೇಷನ್ನಿನ ಹೆಸರು, ಅದರ ಕೆಳಗೆ ಅವರದೇ ಸೊಟ್ಟ ಅಕ್ಷರದಲ್ಲಿ ಒಂದು ಸಾಲು: "ಕೆಟ್ಟೈತಿ ಅಂದೆ. ಕೆಟ್ಟಿರಲಿಲ್ಲ."

ನನ್ನ ಕೆಲಸಕ್ಕೆ ಬೇರೆ ಪಾಟಿ ಕೊಂಡಿದ್ದೇನೆ. ಅವರದು ನನ್ನ ಮೇಜಿನ ಮೇಲಿದೆ, ಹಿಂಬದಿ ನನಗೆ ಕಾಣುವಂತೆ.