ಕೀಲು ಬಿಡಿಸುವ ಕೈ

ಸೋನುನ್ ಅರವತ್ತೆರಡನೆಯ ವಯಸ್ಸಿನಲ್ಲಿ ಕುದುರೆ ಹತ್ತುವುದನ್ನು ಬಿಟ್ಟಳು. ಬಿಟ್ಟಳು ಅನ್ನುವುದು ತಪ್ಪು. ಬಲತೊಡೆಯ ಕೀಲು ಬಿಡಿಸಿತು. ಎಡಗಾಲು ರಿಕಾಬಿಗೆ ಹೋಗುತ್ತಿತ್ತು. ಬಲಗಾಲು ಜೀನಿನ ಮೇಲೆ ಹಾಯಬೇಕಲ್ಲ, ಅದು ಹಾಯುತ್ತಿರಲಿಲ್ಲ. ಮೇಲೆತ್ತಿದ ಕೂಡಲೆ ತೊಡೆಸಂದಿಯಲ್ಲಿ ಮೊಳೆ ಹೊಡೆದ ಹಾಗಾಗಿ ಕಾಲು ತಾನೇ ಕೆಳಗಿಳಿಯುತ್ತಿತ್ತು.

ಗಂಡ ಎಸೆನ್ ಇರುವವರೆಗೆ ಇದು ದೊಡ್ಡ ಮಾತಾಗಿರಲಿಲ್ಲ. ಅವನು ಅವಳ ಸೊಂಟ ಹಿಡಿದು ಹಿಟ್ಟಿನ ಮೂಟೆಯ ಹಾಗೆ ಎತ್ತಿ ಕೂರಿಸುತ್ತಿದ್ದ. ಕೂತ ಮೇಲೆ ಹಲ್ಲು ಕಚ್ಚಿಕೊಂಡರೆ ಸಾಕಿತ್ತು. ನಲವತ್ತು ಬೇಸಿಗೆ ಕುರಿಗಳ ಹಿಂದೆ ಮೇಲಿನ ಹುಲ್ಲುಗಾವಲಿಗೆ ಹೋದವಳು ಅವಳು. ಕಣಿವೆಯಲ್ಲಿ ಮಣ್ಣಿನ ಗೋಡೆಯ ಮನೆಯಿತ್ತು, ಒಲೆಯಿತ್ತು, ಕರೆಂಟಿತ್ತು. ಆದರೆ ಅವಳ ಲೆಕ್ಕದಲ್ಲಿ ವರ್ಷ ಶುರುವಾಗುತ್ತಿದ್ದುದು ಕುದುರೆಯ ಮುಖ ಬೆಟ್ಟದ ಕಡೆ ತಿರುಗಿದ ದಿನ.

ಹೋದ ಅಕ್ಟೋಬರಿನಲ್ಲಿ ಮಂದೆ ಇಳಿಸಿಕೊಂಡು ಬರುವಾಗ ಎಸೆನ್ ನೀರು ಕುಡಿಯಲೆಂದು ಹೊಳೆಯ ಹತ್ತಿರ ಇಳಿದ. ಕಲ್ಲಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಅವನ ಕಂದು ಕುದುರೆ, ತೊರು ಅಂತ ಅದರ ಹೆಸರು, ಜನ ಬರುವವರೆಗೆ ಅವನ ಪಕ್ಕದಲ್ಲೇ ನಿಂತಿತ್ತು.

ಸತ್ತವರಿಗೆ ವರ್ಷ ತುಂಬಿದ ದಿನ ಊರಿಗೆ ಹಾಕುವ ವರ್ಷದ ಊಟಕ್ಕೆ ಅವರಲ್ಲಿ ಒಂದು ಕುದುರೆ ಕುಯ್ಯಬೇಕು. ಅದು ಆಗಲೇಬೇಕಾದ ಕೆಲಸ. ಎಸೆನ್‌ನ ಅಕ್ಕ ಕಲಿಯಾ, ಎಪ್ಪತ್ತನಾಲ್ಕರ ಮುದುಕಿ, ಆ ಮನೆಯ ಯಜಮಾನಿ, ಚಳಿಗಾಲದಲ್ಲೇ ತೀರ್ಮಾನ ಹೇಳಿಬಿಟ್ಟಳು. ತೊರುವೇ ಸರಿ. ಒಳ್ಳೆ ಮೈ ತುಂಬಿದೆ. ಎಸೆನ್ ಮತ್ತು ಸೋನುನ್ ಬಿಟ್ಟರೆ ಅದು ಯಾರನ್ನೂ ಬೆನ್ನ ಮೇಲೆ ಬಿಟ್ಟುಕೊಳ್ಳುವುದಿಲ್ಲ, ಅವರ ಮಗ ಕೆರಿಮ್‌ನನ್ನೇ ಎರಡು ಸಲ ಎತ್ತಿ ಹಾಕಿದೆ. ಒಬ್ಬ ಹೋದ. ಇನ್ನೊಬ್ಬಳಿಗೆ ಕಾಲೆತ್ತಲು ಆಗದು. ಹುಲ್ಲು ತಿಂದುಕೊಂಡು ಸುಮ್ಮನೆ ನಿಲ್ಲುವ ಕುದುರೆ ಯಾರಿಗೆ ಬೇಕು?

ಮದುವೆಯಾಗಿ ಬಂದು ನಲವತ್ತೆರಡು ವರ್ಷವಾದರೂ ಕಲಿಯಾಳ ಮುಂದೆ ಸೋನುನ್ ಇನ್ನೂ ಎದುರಾಡಬಾರದ ಸೊಸೆಯೇ. ಎದ್ದು ಲಾಯಕ್ಕೆ ಹೋದಳು. ತೊರು ಅವಳ ಜೇಬಿಗೆ ಮೂತಿ ತೂರಿಸಿ ಒಣ ರೊಟ್ಟಿಯ ಚೂರು ಹುಡುಕಿತು. ಕಲಿಯಾ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಸಂಕಟ.

ಫೆಬ್ರವರಿ ಕೊನೆಗೆ ರಾಜಧಾನಿಯಿಂದ ಮೂಳೆ ಡಾಕ್ಟರುಗಳು ಊರಿನ ದವಾಖಾನೆಗೆ ಬಂದರು. ಮೂರು ದಿನ ಇರುತ್ತಾರೆ, ಮಂಡಿನೋವು ಸೊಂಟನೋವು ಇರುವವರೆಲ್ಲ ಬನ್ನಿ ಅಂತ ಸಾರಿದರು. ಊರಿಗೆ ಊರೇ ಕುಂಟಿಕೊಂಡು ಬಂತು. ಸೋನುನ್‌ಳನ್ನು ನೋಡಿದವನು ಮೆದೆರ್ ಅನ್ನುವ ಡಾಕ್ಟರು. ವಯಸ್ಸು ನಲವತ್ತು ಆಗಿರಲಿಲ್ಲ. ಅವಳ ಕಾಲನ್ನು ಹಿಡಿದು ತಿರುಗಿಸಿದ, ಎಕ್ಸ್‌ರೇ ತೆಗೆಸಿದ, ದೀಪದ ಮುಂದೆ ಹಿಡಿದು ನೋಡಿದ. ಈ ಕೀಲು ಮುಗಿದಿದೆ, ಮಾತ್ರೆ ನುಂಗುತ್ತಾ ಕೂರಬಹುದು, ಇಲ್ಲ ಬದಲಾಯಿಸಬಹುದು ಅಂದ. ಪ್ಲಾಸ್ಟಿಕ್ಕಿನ ಒಂದು ಕೀಲನ್ನು ಅವಳ ಕೈಗೆ ಕೊಟ್ಟ. ಬಟ್ಟಲು, ಬಟ್ಟಲಲ್ಲಿ ತಿರುಗುವ ಗುಂಡು.

ಸೋನುನ್‌ಗೆ ನಗು ಬಂತು. ಇದನ್ನು ಇವನು ತನಗೆ ತೋರಿಸುತ್ತಿದ್ದಾನಲ್ಲ. ಕುರಿಯ ಮೈಯಲ್ಲಿ ಇದರ ಹೆಸರು ಜಂಬಾಶ್. ಸೊಂಟದ ಎಲುಬು, ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರ ಮುಂದೆ ಇಡುವ ತುಂಡು. ಎಷ್ಟು ಸಾವಿರ ಸಲ ಅವಳು ಅದನ್ನು ಬೇಯಿಸಿದ್ದಾಳೋ. ಗುಂಡನ್ನು ಬಟ್ಟಲಿನಿಂದ ಎಬ್ಬಿಸಿ ಮತ್ತೆ ಕೂರಿಸಿ ಆಡಿಸುತ್ತಾ ತನಗೆ ಬೇಕಾದ ಒಂದೇ ಮಾತು ಕೇಳಿದಳು.

"ಕುದುರೆ ಹತ್ತಬಹುದಾ?"

"ಎಲ್ಲರೂ ಬೇಡ ಅಂತಾರೆ, ಅಪಾ," ಅಂದ ಮೆದೆರ್. ಊರಿನ ಹಿರಿ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಿದ್ದ. "ನಾನು ಹೇಳೋದು ಕೇಳಿ. ಆರು ತಿಂಗಳು ಕುದುರೆ ಹೆಸರೇ ಎತ್ತಬಾರದು. ಆಮೇಲೆ ನಾನು ನೋಡಿ ಹೂಂ ಅಂದ್ರೆ ಎತ್ತರದ ಕಲ್ಲಿನಿಂದ ಹತ್ತಿ. ಬರೀ ನಡಿಗೆ, ಓಟ ಇಲ್ಲ. ಬಿದ್ರೆ ಎಲ್ಲಾ ಹೋಯ್ತು. ಹತ್ತೇ ಹತ್ತೀರಿ ಅಂತ ನಾನು ಮಾತು ಕೊಡಲ್ಲ."

ಅವಳು ಬೆರಳು ಮಡಚಿ ಎಣಿಸಿದಳು. ಮಾರ್ಚಿನಲ್ಲಿ ಆಪರೇಷನ್ ಆದರೆ ಸೆಪ್ಟೆಂಬರಿಗೆ ಆರು ತಿಂಗಳು. ವರ್ಷದ ಊಟ ಅಕ್ಟೋಬರಿನಲ್ಲಿ. ಅಲ್ಲೇ ಹೂಂ ಅಂದುಬಿಡುತ್ತಿದ್ದಳು. ಆದರೆ ಕೆಲಸ ಬಲ್ಲವರ ಹಾಗೆ ಇನ್ನೊಂದು ಕೇಳಿದಳು, ಹಳೆಯ ಗುಂಡನ್ನು ಹೇಗೆ ಬಿಡಿಸುತ್ತೀ ಅಂತ. ಕೀಲು ಬಿಡಿಸಿ ಎಲುಬಿನ ತಲೆಯನ್ನು ಗರಗಸದಿಂದ ಕೊಯ್ಯುತ್ತೇವೆ ಅಂದ ಅವನು.

ಸೋನುನ್ ಪ್ಲಾಸ್ಟಿಕ್ ಕೀಲನ್ನು ಮೇಜಿನ ಮೇಲಿಟ್ಟಳು.

ಅವಳ ಜನರಲ್ಲಿ ಮಾಂಸ ಬಿಡಿಸುವಾಗ ಎಲುಬಿಗೆ ಕೊಡಲಿ ಹಾಕುವುದಿಲ್ಲ, ಗರಗಸ ಹಾಕುವುದಿಲ್ಲ. ಕೀಲಿನಲ್ಲೇ ಬಿಡಿಸಬೇಕು. ಎಲುಬು ಕಡಿಯುವ ಮನೆಯ ಮಾತು ಕಣಿವೆಯುದ್ದಕ್ಕೂ ಹೋಗುತ್ತದೆ. ಎಸೆನ್ ಅಂಗೈಯಗಲದ ಚಾಕುವಿನಲ್ಲಿ ಇಡೀ ಕುರಿಯನ್ನು ಬಿಡಿಸುತ್ತಿದ್ದ. ಒಂದು ಎಲುಬಿನ ಮೇಲೂ ಗೀರು ಬೀಳುತ್ತಿರಲಿಲ್ಲ. ಮೂರು ಊರಿನ ಮದುವೆಗೆ ಅವನನ್ನೇ ಕರೆಯುತ್ತಿದ್ದರು. ಅಂಥವನ ಹೆಂಡತಿಯ ತೊಡೆಯನ್ನು ಈ ಪಟ್ಟಣದವನು ಸೌದೆಯ ಹಾಗೆ ಕೊಯ್ಯುತ್ತಾನಂತೆ.

ಮನೆಗೆ ಬಂದು ಹೇಳಿದಾಗ ಕಲಿಯಾ ಚಹಾ ಬಟ್ಟಲು ಕೆಳಗಿಟ್ಟು, ಗರಗಸ ಹಿಡಿಯುವವನು ಕೀಲು ಎಲ್ಲಿದೆ ಅಂತ ಗೊತ್ತಿಲ್ಲದವನು, ಅಷ್ಟೇ ಅಂದಳು. ಸೋನುನ್‌ಗೆ ಆ ಮಾತು ಹಿಡಿಯಿತು. ಗೊತ್ತಿದೆಯೋ ಇಲ್ಲವೋ ನೋಡಿದರಾಯಿತಲ್ಲ. ಡಾಕ್ಟರುಗಳಿಗೆ ದಿನಕ್ಕೊಂದು ಮನೆಯಲ್ಲಿ ಮಧ್ಯಾಹ್ನದ ಊಟ. ಮೂರನೆಯ ದಿನ ನಮ್ಮ ಮನೆಗೆ ಅಂತ ಹೇಳಿ ಕಳಿಸಿದಳು. ಊಟದ ಹೊತ್ತಿಗಲ್ಲ, ಕುರಿ ಕುಯ್ಯುವ ಮುಂಚೆಯೇ ಬರಬೇಕು ಅಂತಲೂ ಹೇಳಿದಳು. ಆ ಎರಡು ದಿನ ಅವಳು ಕೋಲೂರಿಕೊಂಡೇ ಮನೆಯೆಲ್ಲ ಓಡಾಡಿದಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಕಂಬಳಿ ಝಾಡಿಸಿದ ಸದ್ದು ಕೇಳಿದ್ದು ಅದೇ ಮೊದಲು.

ಮೂರನೆಯ ದಿನ ಅತಿಥಿಗಳು ಅಂಗಳದಲ್ಲಿ ನಿಂತು ಕುರಿಗೆ ಪ್ರಾರ್ಥನೆ ಹೇಳಿದರು. ಕೆರಿಮ್ ಕುಯ್ದು ಚರ್ಮ ಸುಲಿದ. ಇನ್ನು ಬಿಡಿಸಬೇಕು ಅನ್ನುವಾಗ ಸೋನುನ್ ಎಸೆನ್‌ನ ಚಾಕುವನ್ನು ಬಟ್ಟೆಯಿಂದ ಬಿಚ್ಚಿ ಡಾಕ್ಟರ ಮುಂದೆ ಹಿಡಿದಳು. ಬಲತೊಡೆ ಬಿಡಿಸು ಅಂದಳು.

ನೆರೆಯವರು ಮುಖ ಮುಖ ನೋಡಿಕೊಂಡರು.

"ಏ ಸೊಸೆ, ಬುದ್ಧಿ ನೆಟ್ಟಗಿದೆಯಾ?" ಅಂದಳು ಕಲಿಯಾ. "ಮನೆಗೆ ಬಂದವನ ಕೈಲಿ ಚಾಕರಿ ಮಾಡಿಸ್ತೀಯ? ಊಟ ಆದ್ಮೇಲೆ ಪಾತ್ರೆನೂ ತೊಳೆಸು."

ಮೆದೆರ್ ಚಾಕು ನೋಡಿದ, ಸೋನುನ್‌ಳ ಮುಖ ನೋಡಿದ.

"ಪರೀಕ್ಷೆನಾ, ಅಪಾ?"

"ಹೂಂ, ಪರೀಕ್ಷೆನೇ. ನಿನ್ನ ಗರಗಸ ನೋಡೋಕೆ ನಾನು ಎಚ್ಚರ ಇರಲ್ಲ. ಚಾಕು ನೋಡ್ತೀನಿ."

ಅವನು ಕೋಟು ಬಿಚ್ಚಿದ. ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿದ, ತೊಳೆದ, ಮತ್ತೆ ಉಜ್ಜಿದ. ಕುರಿ ಆಗಲೇ ಸತ್ತಿದೆಯಪ್ಪ, ಅದಕ್ಕೆ ಏನೂ ಅಂಟಲ್ಲ ಅಂತ ಯಾರೋ ಅಂದರು. ಜನ ನಕ್ಕರು. ಅವನೂ ನಕ್ಕ. ಆಮೇಲೆ ಕುರಿಯ ಮುಂದೆ ಕೂತ.

ಚಾಕು ಹಾಕಲಿಲ್ಲ. ಎಡಗೈಯನ್ನು ತೊಡೆಯ ಬುಡಕ್ಕೆ ಒತ್ತಿ, ಬಲಗೈಯಲ್ಲಿ ಕಾಲು ಹಿಡಿದು ಮೆಲ್ಲಗೆ ತಿರುಗಿಸಿದ. ಕಣ್ಣು ಮುಚ್ಚಿಕೊಂಡಿದ್ದ. ಒಂದು ಸುತ್ತು, ಇನ್ನೊಂದು ಸುತ್ತು. ಎಸೆನ್ ಹೀಗೇ ಮಾಡುತ್ತಿದ್ದ. ಹೀಗೇ ಕಣ್ಣು ಮುಚ್ಚುತ್ತಿದ್ದ. ಯಾಕೆ ಅಂತ ಕೇಳಿದರೆ, ಕಣ್ಣಿಗೆ ಮಾಂಸ ಮಾತ್ರ ಕಾಣುತ್ತದೆ, ಕೈಗೆ ಎಲುಬು ಕಾಣುತ್ತದೆ ಅನ್ನುತ್ತಿದ್ದ.

ಆಮೇಲೆ ಚಾಕುವಿನ ತುದಿ ಒಳಗೆ ಹೋಯಿತು. ಸಣ್ಣದಾಗಿ ತಿರುಗಿತು. ಕಾಲನ್ನು ಹೊರಕ್ಕೆ ಮಡಚಿದ. ಒಳಗಿನ ನರ ಕತ್ತರಿಸಿದ್ದೇ ಟುಪ್ ಅಂತ ಗುಂಡು ಬಟ್ಟಲಿನಿಂದ ಎದ್ದು ಬಂತು. ಬಿಳಿ, ನುಣುಪು, ಒದ್ದೆ.

ಕಲಿಯಾ ಮುಂದೆ ಬಂದು ಎಲುಬಿನ ಮೇಲೆ ಹೆಬ್ಬೆರಳು ಆಡಿಸಿದಳು. ಸುತ್ತಲೂ ಆಡಿಸಿದಳು. ಗೀರು ಸಿಗಲಿಲ್ಲ.

"ಎಸೆನ್ ಇನ್ನೂ ಬೇಗ ಮಾಡ್ತಿದ್ದ," ಅಂದಳು.

ತಮ್ಮ ಹೋದ ಮೇಲೆ ಅವಳ ಬಾಯಲ್ಲಿ ಅವನ ಹೆಸರು ಅಳುವಿಲ್ಲದೆ ಬಂದದ್ದು ಅಂದೇ ಮೊದಲು. ಗರಗಸ ಯಾಕೆ ಅಂತ ಅವಳೇ ಡಾಕ್ಟರನ್ನು ಕೇಳಿದಳು. ಬಿಡಿಸುವುದು ಹೀಗೇ, ಆದರೆ ಕುರಿಗೆ ಹೊಸ ಗುಂಡು ಹಾಕಬೇಕಾಗಿಲ್ಲ, ನಿಮ್ಮ ಸೊಸೆಗೆ ಹಾಕಬೇಕು, ಹಳೆಯದನ್ನು ತೆಗೆಯದೆ ಹೊಸದನ್ನು ಎಲ್ಲಿ ಕೂರಿಸಲಿ ಅಂದ ಅವನು. ಕಲಿಯಾ ತಲೆಯಾಡಿಸಿದಳು. ಊಟಕ್ಕೆ ಕೂತಾಗ ಪಂಕ್ತಿಯಲ್ಲಿ ಅವನಿಗಿಂತ ಹಿರಿಯರು ಆರು ಜನ ಇದ್ದರು. ಮುದುಕಿ ಜಂಬಾಶನ್ನು ತಂದು ಅವನ ಮುಂದೆ ಇಟ್ಟಳು.

ಆಗ ಸೋನುನ್ ಬಾಯಿ ತೆರೆದಳು. ನಲವತ್ತೆರಡು ವರ್ಷದಲ್ಲಿ ಜನರ ಮುಂದೆ ಕಲಿಯಾಳಿಗೆ ಅವಳು ಹಾಕಿದ ಮೊದಲ ಪಟ್ಟು ಅದು.

"ಅಕ್ಕ, ವರ್ಷದ ಊಟದವರೆಗೆ ತೊರುನ ಯಾರೂ ಮುಟ್ಟಬಾರದು. ಆ ದಿನ ನಾನು ಹತ್ತದೆ ಹೋದ್ರೆ ಕುಯ್ಸಿ. ನಾನೇ ಹಗ್ಗ ಹಿಡ್ಕೊಂಡು ಬಂದು ಕೊಡ್ತೀನಿ."

ಕಲಿಯಾ ಎಲುಬು ಚೀಪುತ್ತಿದ್ದಳು. ಚೀಪಿ ಮುಗಿಸಿ, ಹಗ್ಗ ಗಟ್ಟಿಯಿರುವುದು ತಾ ಅಂದಳು. ಅಂದರೆ ಒಪ್ಪಿದಳು.

ಮಾರ್ಚಿನಲ್ಲಿ ರಾಜಧಾನಿಯಲ್ಲಿ ಆಪರೇಷನ್ ಆಯಿತು. ಮಾರನೆಯ ದಿನವೇ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಗಾಯ ಉರಿಯುತ್ತಿತ್ತು, ಕಾಲು ಮರದ ಕೊರಡಿನ ಹಾಗಿತ್ತು. ಆದರೆ ಮೊಳೆ ಇರಲಿಲ್ಲ. ತೊಡೆಸಂದಿಯ ಆ ಹಳೆಯ ಮೊಳೆ ಇರಲಿಲ್ಲ. ಸೋನುನ್ ನಿಂತಲ್ಲೇ ನಕ್ಕಳು. ನರ್ಸು ಹೆದರಿ ಹಿಡಿದುಕೊಂಡಳು.

ತೆಗೆದ ಎಲುಬನ್ನು ತನಗೇ ಕೊಡಬೇಕು, ಮಣ್ಣಿಗೆ ಹಾಕಬೇಕು ಅಂತ ಮೊದಲೇ ಹೇಳಿದ್ದಳು. ಮೆದೆರ್ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಬಿಚ್ಚಿ ನೋಡಿದಳು. ನುಣುಪಿನ ಹೆಸರಿಲ್ಲ, ಬೀಸುಕಲ್ಲಿನ ಹಾಗೆ ತರಿತರಿ. ಇಂಥದ್ದನ್ನು ಅತಿಥಿಯ ಮುಂದೆ ಇಟ್ಟರೆ ಅವನು ಎದ್ದುಹೋಗುತ್ತಿದ್ದ ಅಂದಳು. ಕೆರಿಮ್ ಅದನ್ನು ಊರಿಗೆ ತೆಗೆದುಕೊಂಡು ಹೋಗಿ ಅಪ್ಪನ ಗೋರಿಯ ಕಾಲ ಬಳಿ ಹೂತ.

ಆ ಬೇಸಿಗೆ ಮಂದೆ ಅವಳಿಲ್ಲದೆ ಬೆಟ್ಟಕ್ಕೆ ಹೋಯಿತು. ಅವಳಿಗೆ ಮನೆಯಲ್ಲೇ ಬೆಟ್ಟದಷ್ಟು ಕೆಲಸವಿತ್ತು. ನೆಲದ ಮೇಲೆ ಕೂರಬಾರದು, ಕುರ್ಚಿ ಬೇಕು ಅಂದಿದ್ದರು. ಎಲ್ಲರೂ ನೆಲದಲ್ಲಿ ಕೂತು ಉಣ್ಣುವ ಮನೆಯಲ್ಲಿ ಅವಳೊಬ್ಬಳು ಮೇಲೆ ಕೂತಳು. ಖಾನ್ ದೊರೆ ಬಂದ ನೋಡು, ತಲೆ ಬಗ್ಗಿಸ್ರೋ ಅಂತ ಕಲಿಯಾ ದಿನಾ ಅನ್ನುತ್ತಿದ್ದಳು. ಅನ್ನುತ್ತಲೇ ಚಹಾವನ್ನು ಎತ್ತರಕ್ಕೆ ಎತ್ತಿ ಕೊಡುತ್ತಿದ್ದಳು. ಡಾಕ್ಟರು ಹೇಳಿದ ಪಾಠವನ್ನು ಸೋನುನ್ ಒಂದು ದಿನವೂ ತಪ್ಪಿಸಲಿಲ್ಲ. ಎಡಕ್ಕೆ ಹೊರಳಿ ಮಲಗಿ ಬಲಗಾಲು ಮೇಲೆತ್ತಬೇಕು. ಒಂದೊಂದು ಸಲ ಎತ್ತಿದಾಗಲೂ ಒಂದೊಂದು ಕುರಿಯ ಹೆಸರು ಹೇಳುತ್ತಿದ್ದಳು, ಬೋಳಿ, ಕಪ್ಪುಕಿವಿ, ಕಳ್ಳಿ. ಮೊದಲು ಐದು ಕುರಿಗೇ ಬೆವರು ಕಿತ್ತು ಬರುತ್ತಿತ್ತು. ಆಗಸ್ಟಿಗೆ ಅರ್ಧ ಮಂದೆ ಮುಗಿಯಿತು. ಕೋಲು ಬಾಗಿಲ ಹಿಂದೆ ಹೋಯಿತು. ತೊರುವಿಗೂ ಪಾಠವಿತ್ತು. ದಿನಾ ಅಂಗಳದ ದೊಡ್ಡ ಕಲ್ಲಿನ ಪಕ್ಕಕ್ಕೆ ತಂದು ಅಲುಗಾಡದೆ ನಿಲ್ಲಿಸಿ ಅವಳು ಒಣ ರೊಟ್ಟಿ ಕೊಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಮೆದೆರ್ ಪರೀಕ್ಷಿಸಿ ಹೂಂ ಅಂದ. ನಡಿಗೆ ಮಾತ್ರ ಅಂತ ಅವಳ ಕೈ ಹಿಡಿದು ಮಾತು ತೆಗೆದುಕೊಂಡ.

ವರ್ಷದ ಊಟದ ದಿನ ಬೆಳಿಗ್ಗೆ ಅಂಗಳದಲ್ಲಿ ಎರಡು ಕುದುರೆ ಕಟ್ಟಿದ್ದರು. ಒಂದು ತೊರು. ಇನ್ನೊಂದು ಕಲಿಯಾ ತನ್ನ ಮಗನ ಮಂದೆಯಿಂದ ತರಿಸಿದ್ದ ಮುದಿ ಹೆಣ್ಣುಕುದುರೆ. ಅದನ್ನು ಯಾಕೆ ತರಿಸಿದ್ದು ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಾಕು ಹಿಡಿದವರು ಗೋಡೆಗೊರಗಿ ಕಾಯುತ್ತಿದ್ದರು.

ಸೋನುನ್ ಕಲ್ಲು ಹತ್ತಿದಳು. ಕೆರಿಮ್ ಲಗಾಮು ಹಿಡಿದ. ಎಡಗಾಲು ರಿಕಾಬಿಗೆ. ಜೀನಿನ ತುದಿ ಹಿಡಿದಳು. ಮೊಳೆಗಾಗಿ ಕಾದಳು. ಬಲಗಾಲು ಎದ್ದಿತು, ಜೀನಿನ ಮಟ್ಟಕ್ಕೆ ಬಂತು, ಕುದುರೆಯ ಬೆನ್ನಿನ ಮೇಲೆ ಹಾಯ್ದು ಆಚೆ ಇಳಿಯಿತು. ಮೊಳೆ ಬರಲೇ ಇಲ್ಲ.

ಅವಳು ಅತ್ತಳು. ಮುಖ ಮುಚ್ಚಿಕೊಂಡಲ್ಲ, ಎಲ್ಲರ ಮುಂದೆಯೇ. ವರ್ಷವಿಡೀ ಅತ್ತದ್ದು ಬೇರೆ, ಇದು ಬೇರೆ.

"ಇಳಿದು ಬಂದು ಬಡಿಸ್ತೀಯೋ, ಅಲ್ಲೇ ಕೂತು ಯಜಮಾನಿಕೆ ಮಾಡ್ತೀಯೋ?" ಅಂದಳು ಕಲಿಯಾ. ಚಾಕುವಿನವರಿಗೆ ಮುದಿ ಕುದುರೆಯ ಕಡೆ ಕೈ ತೋರಿಸಿದಳು.

ಎಸೆನ್‌ನ ಗೋರಿಯವರೆಗೆ ಹೋಗಿ ಬಂದು ಬಡಿಸುತ್ತೇನೆ ಅಂದಳು ಸೋನುನ್. ಹೆಂಗಸರು ಗೋರಿಗಳ ಆವರಣದ ಒಳಗೆ ಹೋಗುವುದಿಲ್ಲ, ಗೋಡೆಯ ಈಚೆಯಿಂದ ಮಾತಾಡಿಸಿ ಬರುತ್ತಾರೆ. ಅಷ್ಟು ದೂರ ಸಾಕು ಇವತ್ತಿಗೆ. ಬೆಟ್ಟ ಮುಂದಿನ ಬೇಸಿಗೆಗೆ. ಕೆರಿಮ್‌ನಿಂದ ಲಗಾಮು ತೆಗೆದುಕೊಂಡು ತೊರುವನ್ನು ತಿರುಗಿಸಿದಳು. ಡಾಕ್ಟರಿಗೆ ಮಾತು ಕೊಟ್ಟಿದ್ದಳು, ನಡಿಗೆಯಲ್ಲೇ ಹೊರಟಳು. ತೊರು ಮಾತು ಕೊಟ್ಟಿರಲಿಲ್ಲ. ಒಂದು ವರ್ಷದಿಂದ ಕಟ್ಟಿಹಾಕಿದ್ದ ಕುದುರೆ, ಕತ್ತು ಕುಣಿಸಿ ಓಡುತ್ತೇನೆ ಅಂದಿತು. ಊರ ಕೊನೆಯವರೆಗೂ ಅವಳು ಅದನ್ನು ಬಿಗಿಹಿಡಿದೇ ಇದ್ದಳು, ನಗುತ್ತಾ.