ಫೋಟೋದಲ್ಲಿದ್ದ ಮಗು

ಹೋದ ವಾರ ಶಿಕಾಗೋ ಬಳಿಯ ಶಾಮ್‌ಬರ್ಗ್‌ನ ಮಗಳ ಮನೆಯಲ್ಲಿ ರಾಗಿ ಹಿಟ್ಟು ಮುಗಿದಿತ್ತು. ಮೆಕ್ಕೆಜೋಳದ ಹಿಟ್ಟಿನಲ್ಲೇ ಮುದ್ದೆ ತಿರುವಲು ನಿಂತೆ. ಹಿಟ್ಟು ಬೇಯುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು... ಡೆಟ್ರಾಯಿಟ್‌ನ ಕೆಳಮನೆಯ ಹುಡುಗಿ ನೆನಪಾದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುತ್ತಿದ್ದರು. ನಾನು ದಿನವಿಡೀ ಒಬ್ಬಳೇ. ಕೆಳಗಿನ ಮನೆಯ ದಂಪತಿ, ಆಫ್ರಿಕಾದ ರೊಡೇಷಿಯಾದಿಂದ, ಅಂದರೆ ಈಗಿನ ಜಿಂಬಾಬ್ವೆಯಿಂದ, ತಪ್ಪಿಸಿಕೊಂಡು ಬಂದ ಹದಿನೇಳರ ಶೋನಾ ಜನಾಂಗದ ಹುಡುಗಿಯೊಬ್ಬಳನ್ನು ಇಟ್ಟುಕೊಂಡಿದ್ದರು. ರಾಗಿ ಸಿಗದ ಕಾಲ. ನನ್ನ ಮೆಕ್ಕೆಜೋಳದ ಮುದ್ದೆ ನೋಡಿ "ಇದು ನಮ್ಮೂರ ಊಟ!" ಎಂದವಳು ದಿನಾ ಮಹಡಿ ಹತ್ತಿ ಬರತೊಡಗಿದಳು. ನನ್ನನ್ನು 'ಸಿಸಿ' ಎನ್ನುತ್ತಿದ್ದಳು. ಅವರಲ್ಲಿ ಹಾಗೆಂದರೆ ಅಕ್ಕ.

ಅಲ್ಲಿನ ಬಿಳಿಯರ ಸರ್ಕಾರದ ಸೈನಿಕರು ಹಳ್ಳಿಗೆ ಬೆಂಕಿಯಿಟ್ಟ ದಿನ ಅವಳು ಪುಟ್ಟ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಮೊಜಾಂಬಿಕ್ ಗಡಿಯ ಕಡೆ ನಡೆದಿದ್ದಳಂತೆ. ಕಾಡುಹಣ್ಣು, ಕೆಸರುನೀರು... ಆರನೆಯ ದಿನ ತಂಗಿಗೆ ಜ್ವರ. ಮರದಡಿ ಮಲಗಿಸಿ ನೀರಿಗೆ ಹೋದಾಗ ಗುಂಡಿನ ಸದ್ದು. ಪೊದೆಯಲ್ಲಿ ಅಡಗಿದ್ದು ಮರಳಿ ಬಂದರೆ ಮರದ ಕೆಳಗೆ ಯಾರೂ ಇಲ್ಲ. ಎರಡು ದಿನ ಹುಡುಕಿ, ಒಬ್ಬಳೇ ಗಡಿ ದಾಟಿದಳು. ಶಿಬಿರದಲ್ಲಿ ಕಾಯಿಲೆ ಬಿದ್ದವಳನ್ನು ಚರ್ಚಿನವರು ಇಲ್ಲಿಗೆ ಕರೆತಂದಿದ್ದರು.

ಇಲ್ಲಿಂದ ಅವಳು ಶಿಬಿರಗಳಿಗೆಲ್ಲ ಕಾಗದ ಬರೆಯುತ್ತಲೇ ಇದ್ದಳು. ಒಂದು ಫೆಬ್ರವರಿಯಲ್ಲಿ ಉತ್ತರ ಬಂತು.

"ನೀವೇ ಒಡೀರಿ ಸಿಸಿ, ನನ್ನಿಂದ ಆಗಲ್ಲ."

ಓದಿದೆ. ತಂಗಿಯ ಹೆಸರಿನ ಮಗುವೊಂದು ಅಲ್ಲಿದೆ. ಅಕ್ಕ ಸಿಕ್ಕಿದಳೆಂದು ಹೇಳಿದ ಮೇಲೆ ಬಾಗಿಲ ಬಳಿಯೇ ಕೂತಿರುತ್ತದೆ, ಎಂದಿತ್ತು. ಜೊತೆಗೊಂದು ಫೋಟೋ. ಅದನ್ನು ಬಹಳ ಹೊತ್ತು ನೋಡಿದಳು.

"ಇವಳಲ್ಲ."

ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಂದು, "ನಾನು ಹೋಗ್ತೀನಿ," ಎಂದಳು.

"ಅಲ್ಲಿ ಯುದ್ಧ ಕಣೇ! ಅದು ನಿನ್ನ ತಂಗಿ ಅಲ್ವಲ್ಲ?"

"ಅಲ್ಲ. ಆದರೆ ನಾನು ಬರ್ತೀನಿ ಅಂತ ಆ ಮಗೂಗೆ ಹೇಳಿಬಿಟ್ಟಿದಾರೆ."

ಏಪ್ರಿಲ್‌ನಲ್ಲಿ ಹೊರಟಳು. ಬೇಸಿಗೆಯಲ್ಲೊಂದು ಕಾರ್ಡ್ ಬಂತು: ತಲುಪಿದೆ, ಮಗು ನನ್ನ ಕೈ ಬಿಡುವುದೇ ಇಲ್ಲ. ಚಳಿ ಶುರುವಾಗುವ ಹೊತ್ತಿಗೆ ರೇಡಿಯೋದಲ್ಲಿ ಕೇಳಿದೆ, ಗಡಿಯ ಶಿಬಿರಗಳ ಮೇಲೆ ವಿಮಾನಗಳು ಬಾಂಬು ಹಾಕಿವೆಯೆಂದು. ನಾನು ಬರೆದ ಮೂರು ಕಾಗದಗಳೂ ವಾಪಸಾದವು...

ಇದ್ದಿದ್ದರೆ ಅವಳಿಗೀಗ ಅರವತ್ತು ದಾಟಿರುತ್ತಿತ್ತು.

"ಅಮ್ಮಾ, ವಾಟ್ ಹ್ಯಾಪನ್ಡ್?" ಎಂದು ಮಗಳು ಒಲೆ ಆರಿಸಿದಳು. ಎಲ್ಲ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನೂ ಹೇಳಿದೆ: ಕೆಳಮನೆಯ ದಂಪತಿ, ಚರ್ಚಿನವರು ಯಾರೂ ಒಪ್ಪದಿದ್ದಾಗ, ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಏರ್‌ಪೋರ್ಟಿಗೆ ಬಿಟ್ಟುಬಂದವಳು ನಾನೇ.